ಕುಡಿಯದೆ ಕುಡಿತ ಬಿಟ್ಟವನು

ಇವತ್ತಿಗೂ ಧರ್ಮದ ಮೇಷ್ಟ್ರು ಎದುರಿಗೆ ಬಂದರೆ ಕಟಿಂಗ್ ಶಾಪಿನ ಯಜಮಾನನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಜನ್ಮದಲ್ಲಿ ಒಂದು ಹನಿ ಮುಟ್ಟದವನಿಗೆ ಊರು ತುಂಬಾ ಕುಡುಕನೆಂಬ ಹೆಸರು ಬಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ಅದರಲ್ಲೂ ಕೈಯಲ್ಲಿ ಕತ್ತಿ ಹಿಡಿದು ಹೊಟ್ಟೆ ಹೊರೆಯುವವನು! ಕುಡುಕನ ಮುಂದೆ ಕುತ್ತಿಗೆ ಚಾಚಲು ಯಾವ ಗಿರಾಕಿಗೆ ಎದೆ ಇದೆ?

ಆದದ್ದಿಷ್ಟು. ಮಗಳ ಶಾಲೆಯಲ್ಲಿ ವಾರಕ್ಕೊಂದು ಧರ್ಮಪಾಠ ಶುರುವಾಯಿತು. ಮಕ್ಕಳನ್ನು ತಿದ್ದುವುದು ಅದರ ಉದ್ದೇಶವಂತೆ. ತಿದ್ದಲಿ, ಯಾರು ಬೇಡವೆಂದರು? ಆದರೆ ಮೇಷ್ಟ್ರಿಗೆ ಪಾಠದ ಫಲ ಕಣ್ಣಿಗೆ ಕಾಣಬೇಕು. ಬಾಯಿಪಾಠ ಒಪ್ಪಿಸಿದರೆ ಸಾಲದು, ಪ್ರತಿ ಮಗುವೂ ಮನೆಯಲ್ಲಿ ಒಬ್ಬರ ಕೆಟ್ಟ ಚಟ ಬಿಡಿಸಿ, ಬಂದು ತರಗತಿಯ ಮುಂದೆ ಹೇಳಬೇಕು. ಅದಕ್ಕೇ ಮಾರ್ಕು.

ಚಟವಿದ್ದ ಮನೆಯ ಮಕ್ಕಳಿಗೆ ಸುಗ್ಗಿಯೋ ಸುಗ್ಗಿ. ಲಾರಿ ಡ್ರೈವರನ ಮಗಳು ಅಪ್ಪನ ಬೀಡಿ, ಇಸ್ಪೀಟು, ಬೈಗುಳ ಎಲ್ಲವನ್ನೂ ಬಿಡಿಸಿ ಚಪ್ಪಾಳೆ ಗಿಟ್ಟಿಸಿದಳು. ಪಾಪ, ಡ್ರೈವರನಿಗೆ ಅದು ಗೊತ್ತೇ ಇರಲಿಲ್ಲ. ಅದೇ ಹೊತ್ತಿಗೆ ಅವನು ಶಾಪಿನ ಬೆಂಚಿನಲ್ಲಿ ಬೀಡಿ ಸೇದುತ್ತಾ ಯಾರನ್ನೋ ಬೈಯುತ್ತಿದ್ದ.

ಯಜಮಾನನ ಮಗಳು ಮಾತ್ರ ಮುಖ ಊದಿಸಿಕೊಂಡು ಬಂದಳು.

“ಅಪ್ಪಾ, ನಿಂಗೆ ಒಂದು ಚಟಾನಾದ್ರೂ ಇರಬಾರ್ದಿತ್ತಾ? ನಂಗೆ ಸೊನ್ನೆ ಬಂದಿದ್ದು ನಿನ್ನಿಂದ್ಲೇ.”

“ನಿಮ್ಮಪ್ಪಂಗೆ ಮೂಗಿನ ತುದೀಲಿ ಸಿಟ್ಟಿದೆಯಲ್ಲೇ, ಅದನ್ನ ಬಿಡ್ಸು,” ಎಂದು ಹೆಂಡತಿ ಒಳಗಿನಿಂದ ಕೂಗಿದಳು.

“ಸಿಟ್ಟಿಗೆ ಮಾರ್ಕಿಲ್ವಂತೆ ಕಣಮ್ಮ. ಅದು ಮೇಷ್ಟ್ರಿಗೇ ಇದೆ.”

ಮುಂದಿನ ವಾರ ಹುಡುಗಿ ಎದ್ದು ನಿಂತಳು. ಅಪ್ಪ ಕುಡಿದು ಬಂದು ಪಾತ್ರೆ ಎಸೆಯುತ್ತಿದ್ದನಂತೆ, ಇವಳು ಕಾಲು ಹಿಡಿದು ಅತ್ತಳಂತೆ, ಅವನು ಸೀಸೆಯನ್ನು ಮೋರಿಗೆ ಬಗ್ಗಿಸಿದನಂತೆ. ಮೇಷ್ಟ್ರು ಕಣ್ಣೊರೆಸಿಕೊಂಡರು. ಅವತ್ತಿನ ಪಾಠ, ಸದಾ ಸತ್ಯವನ್ನೇ ನುಡಿಯಬೇಕು ಎಂಬುದು.

ಸುದ್ದಿಗೆ ಕಾಲು ಬಂತು. “ಕೈ ನಡುಗೋದು ಈಗ ನಿಂತಿದೆ ತಾನೆ?” ಎಂದು ಕೇಳಿದ ಗಿರಾಕಿಯೊಬ್ಬ, ಉತ್ತರಕ್ಕೂ ಕಾಯದೆ ಕೆನ್ನೆಯ ನೊರೆ ಒರೆಸಿಕೊಂಡು ಎದ್ದೇ ಹೋದ.

ಯಜಮಾನ ಮನೆಗೆ ಬಂದು ಹಾರಾಡಿದ. “ಈಗ್ಲೇ ಹೋಗಿ ನಿಮ್ಮ ಮೇಷ್ಟ್ರಿಗೆ ನಿಜ ಹೇಳ್ತೀನಿ!”

“ಹೇಳಿದ್ರೆ ಎಲ್ರೂ ನನ್ನ ಸುಳ್ಳುಬುರುಕಿ ಅಂತಾರಪ್ಪ. ನಾನಿನ್ನು ಶಾಲೆ ಕಡೆ ತಲೆ ಹಾಕಲ್ಲ,” ಎಂದು ಅವಳು ಬಿಕ್ಕಿದಳು.

ಅವನು ಮೆಟ್ಟಿದ್ದ ಚಪ್ಪಲಿಯನ್ನು ಮತ್ತೆ ಬಿಟ್ಟ. ಇಡೀ ತರಗತಿ ನಕ್ಕಿತೆಂದು ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಮಗಳೂ ಹಾಗೇ ಆದರೆ?

ಅಷ್ಟರಲ್ಲಿ ಮೇಷ್ಟ್ರೇ ಶಾಪಿಗೆ ದಯಮಾಡಿಸಿದರು. “ಶಾಲೆ ವಾರ್ಷಿಕೋತ್ಸವಕ್ಕೆ ನೀವು ಸ್ಟೇಜ್ ಮೇಲೆ ಬರ್ಬೇಕು. ನೀವೇ ನಮ್ಮ ಪಾಠದ ಫಲ.”

“ಸಾರ್, ನಾನು ಯಾವತ್ತೂ ಕುಡಿದೋನೇ ಅಲ್ಲ!”

“ಭೇಷ್! ಬಿಟ್ಟೋನು ಹೀಗೇ ಮಾತಾಡ್ಬೇಕು. ಆ ಹಳೇ ಮನುಷ್ಯ ಸತ್ತೇ ಹೋದ ಅಂತ ತಿಳ್ಕೊಳ್ಳಿ.”

ಬದುಕಿರುವಾಗಲೇ ತನ್ನನ್ನು ಸಾಯಿಸಿದ ಈ ಪುಣ್ಯಾತ್ಮನಿಗೆ ಸಭೆಯಲ್ಲೇ ಉತ್ತರ ಕೊಡುತ್ತೇನೆಂದು ಯಜಮಾನ ಹಲ್ಲು ಕಚ್ಚಿಕೊಂಡು ವೇದಿಕೆ ಹತ್ತಿದ. ಮೈಕು ಕೈಗೆ ಬಂತು. ಮೊದಲ ಸಾಲಿನಲ್ಲಿ ಮಗಳು ಬಹುಮಾನದ ಲೋಟವನ್ನು ಎದೆಗವುಚಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಹೌದು, ಕುಡೀತಿದ್ದೆ. ಮಗಳು ಬಿಡಿಸಿದ್ಲು.”

ಚಪ್ಪಾಳೆಯೋ ಚಪ್ಪಾಳೆ! ಇಂಥ ಪಾಠ ಶಾಲೆ ಶಾಲೆಗೂ ಬೇಕೆಂದು ಅತಿಥಿಯಾಗಿ ಬಂದಿದ್ದ ಶಿಕ್ಷಣ ಇಲಾಖೆಯ ಮೇಲಧಿಕಾರಿ ಭಾಷಣ ಬಿಗಿದರು. ಹುಟ್ಟಿದಾಗಿನಿಂದ ಜನರೆದುರು ಸುಳ್ಳಾಡದವನಿಂದ ಸುಳ್ಳು ಹೇಳಿಸಿದ್ದೇ ಆ ಪಾಠದ ನಿಜವಾದ ಫಲ ಎಂದು ಅವರಿಗೆ ಹೇಳುವವರು ಯಾರು?

ಮನೆಯ ದಾರಿಯಲ್ಲಿ ಅವನು ಮಗಳ ಕಡೆ ತಿರುಗಿ ನಿಂತ. “ಈಗ ತಪ್ಪಾಯ್ತು ಅನ್ನು.”

“ಯಾಕಪ್ಪ? ಅಷ್ಟು ಜನರ ಮುಂದೆ ನೀನೇ ಒಪ್ಕೊಂಡೆಯಲ್ಲ!”

ಹೇಳಿ ಹೇಳಿ ಅವಳಿಗೂ ಅದು ನಿಜವಾಯಿತು. ಈಗ ಮದುವೆಯಾಗಿ ಹೋದ ಮನೆಯಲ್ಲಿ “ನಮ್ಮಪ್ಪ ಮುಂಚೆ ತುಂಬಾ ಕುಡೀತಿದ್ರು, ಪಾಪ” ಎಂದು ಕಣ್ಣು ತುಂಬಿಕೊಂಡು ಹೇಳುತ್ತಾಳೆ. ಇವನು ಹೋದಾಗಲೆಲ್ಲ ಬೀಗಿತ್ತಿ ಕೆಮ್ಮಿನ ಔಷಧದ ಸೀಸೆಯನ್ನೂ ಒಳಗೆ ಎತ್ತಿಡುತ್ತಾರೆ. ಮಗಳು ಕೈತುಂಬ ಬಟ್ಟೆಬರೆ ಕೊಟ್ಟು ಕಳಿಸುತ್ತಾಳೆ. ಆ ಒಂದು ‘ತಪ್ಪಾಯ್ತು’ ಮಾತ್ರ ಅವಳಿಂದ ಅವನಿಗೆ ಇನ್ನೂ ಬರಬೇಕು.