ಒಂದು ಬೇಸಿಗೆ ಮುಚ್ಚಿಟ್ಟ ಟಾಪು

ಟಾಪು ತೆರೆಯುವ ಕಾರು ಕೊಳ್ಳಬೇಕೆಂದು ಯಾರಾದರೂ ಸಲಹೆ ಕೇಳಲು ಬಂದರೆ, ನನ್ನ ಅಕ್ಕ ಮೊದಲು ಅವರನ್ನು ಬಿಸಿಲಲ್ಲಿ ನಿಂತ ಅಂಥದೊಂದು ಕಾರಿನ ಸೀಟಿನ ಮೇಲೆ ಕೂರಿಸುತ್ತಿದ್ದಳು. ಕೂತವರು ಹಾಗೇ ಹಾರಿ ಏಳುತ್ತಿದ್ದರು.

“ಇದು ನಿಂತಾಗಿನ ಕಥೆ. ಓಡಿಸುವಾಗ ಧೂಳು ಬೇರೆ,” ಎನ್ನುತ್ತಿದ್ದಳು. “ಈ ಬಿಸಿಲಿಗೆ ಬಟ್ಟೆ ಟಾಪಿನ ದಾರ ಪುಡಿಪುಡಿಯಾಗತ್ತೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗತ್ತೆ. ಹಗಲೆಲ್ಲ ಟಾಪು ಮುಚ್ಚಿಕೊಂಡೇ ಓಡಾಡ್ತೀರ. ಅದಕ್ಕೆ ತಗಡಿನ ಟಾಪಿನ ಕಾರೇ ಸಾಕಲ್ವಾ?”

ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವ ಮಾತು ಇದು. ಏಕೆಂದರೆ ಅಂಥ ಕಾರುಗಳಿಗೆ ಬಟ್ಟೆಯ ಟಾಪು ಹೊಲಿಯುವುದೇ ಅವಳ ಕಸುಬು. ಆದರೂ ಜನ ಕೊಳ್ಳುತ್ತಿದ್ದರು. ಕೊಂಡು, ಒಂದು ಬೇಸಿಗೆ ಕಳೆದು, ಹರಿದ ಟಾಪಿನೊಂದಿಗೆ ಅವಳ ಶೆಡ್ಡಿಗೇ ಬರುತ್ತಿದ್ದರು.

ಹೆದ್ದಾರಿಯ ಪಕ್ಕದ ಆ ಶೆಡ್ಡಿನಲ್ಲಿ ಹೊಲಿಯುವವಳು ಅಕ್ಕ, ಹೊಲಿದದ್ದನ್ನು ಚೌಕಟ್ಟಿಗೆ ಕೂರಿಸುವವರು ಭಾವ. ಗಿರಾಕಿಗಳ ಮುಂದೆ ನಿಂತು ಕೊಚ್ಚಿಕೊಳ್ಳುವ ಕೆಲಸವೂ ಭಾವನದೇ. ಇಸ್ತ್ರಿ ಕೆಡದ ಅಂಗಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲೇ ನಿಂತಿರುತ್ತಿದ್ದ ಅವರಿಗೆ ಬೀದಿಯವರು ‘ಶೋರೂಮ್’ ಎಂದು ಹೆಸರಿಟ್ಟಿದ್ದರು. ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು. ರಜೆ ಸಿಕ್ಕಾಗೆಲ್ಲ ಅಕ್ಕನ ಹತ್ತಿರ ಹೋಗಿ ಕೂರುತ್ತಿದ್ದೆ. ಭಾವನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ, ಅದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ.

ಹೊಸ ಟಾಪು ಕೂರಿಸಿದ ಮೇಲೆ ಧೂಳು ಎಲ್ಲಿಂದ ನುಗ್ಗುತ್ತದೆಂದು ನೋಡಲು ಅವರದೇ ಒಂದು ಪದ್ಧತಿಯಿತ್ತು. ರಬ್ಬರ್ ಅಂಚಿಗೆಲ್ಲ ಹೊರಗಿನಿಂದ ಪೌಡರ್ ಬಳಿದು, ಅಕ್ಕ ಮುಚ್ಚಿದ ಕಾರಿನೊಳಗೆ ಹಿಂದಿನ ಸೀಟಿನಲ್ಲಿ ಅಂಗಾತ ಮಲಗುತ್ತಿದ್ದಳು. ಭಾವ ಶೆಡ್ಡಿನ ಹಿಂದಿನ ಬಯಲಿನಲ್ಲಿ ಕಾರು ಸುತ್ತಿಸುತ್ತಿದ್ದರು. ಒಳಗೆ ಎಲ್ಲಿ ಬಿಳಿ ಗೆರೆ ಮೂಡಿತೋ ಅಲ್ಲಿ ಅಕ್ಕ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಇಳಿದಾಗ ಅವಳ ಹುಬ್ಬು, ರೆಪ್ಪೆಗಳೆಲ್ಲ ನೆರೆತು, ನಮ್ಮಜ್ಜಿಯನ್ನೇ ನೋಡಿದ ಹಾಗಿರುತ್ತಿತ್ತು. ಹೀಗೆ ಅದೆಷ್ಟೋ ಓಪನ್ ಕಾರುಗಳಲ್ಲಿ ಅವಳು ಸುತ್ತಿದ್ದಾಳೆ. ಒಂದರಲ್ಲೂ ಟಾಪು ತೆರೆದಿರಲಿಲ್ಲ.

“ಬಟ್ಟೆಯ ಒಳಮೈ ನೋಡಿ ನೋಡಿ ಸಾಕಾಗಿದೆ ಕಣೇ. ಒಂದು ಸಲ, ಒಂದೇ ಒಂದು ಸಲ, ಹಾಗೇ ಮಲಗಿ ಆಕಾಶ ನೋಡ್ಕೊಂಡು ಹೋಗಬೇಕು,” ಎಂದು ನನಗೆ ಹೇಳಿದ್ದಳು.

ಬೇಡವೆಂದು ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಈ ಹುಚ್ಚು! ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅವಳ ಆಸೆ ಭಾವನಿಗೂ ಗೊತ್ತಿತ್ತು. ಗುಜರಿಗೆ ಹೋಗಬೇಕಾಗಿದ್ದ ಹಳೆಯದೊಂದು ಓಪನ್ ಕಾರನ್ನು ಎಳೆಸಿಕೊಂಡು ಬಂದು ಶೆಡ್ಡಿನ ಹಿಂದೆ ನಿಲ್ಲಿಸಿದಾಗ, “ಇದು ನಿನಗೆ. ಮೊದಲನೇ ಸವಾರಿ ನಿಂದು,” ಎಂದಿದ್ದರು. ನಾನೇ ಕಿವಿಯಾರೆ ಕೇಳಿದ ಮಾತು. ಅವತ್ತು ಒಂದು ಗಳಿಗೆ ಭಾವ ನನಗೂ ಒಳ್ಳೆಯವರಾಗಿ ಕಂಡರು.

ಭಾವ ಇಂಜಿನ್ ರಿಪೇರಿ ಮಾಡಿಸಿದರು. ಗಿರಾಕಿಗಳ ಕೆಲಸ ಮುಗಿದ ಮೇಲೆ ಅಕ್ಕ ಆ ಕಾರಿಗೆ ಟಾಪು ಹೊಲಿಯುತ್ತಿದ್ದಳು. ಕಡುನೀಲಿ ಕ್ಯಾನ್ವಾಸು, ಬಿಸಿಲು ತಿನ್ನದ ದಾರ, ಹೊಲಿಗೆಯ ಮೇಲೆ ಮೇಣ. ಟಾಪು ಕೂರಿಸಿದ್ದು ಬೇಸಿಗೆ ಶುರುವಾಗುವ ಹೊತ್ತಿಗೆ.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಹೊಸ ಬಟ್ಟೆ ಚೌಕಟ್ಟಿನ ಮೇಲೆ ಎಳೆದು ಕೂರುವ ತನಕ ಅದನ್ನು ಮಡಚುವ ಹಾಗಿಲ್ಲ. ಮಡಚಿದರೆ ಕುಗ್ಗಿ, ಆಮೇಲೆ ಮುಚ್ಚುವಾಗ ಅಂಚಿಗೆ ಮುಟ್ಟುವುದಿಲ್ಲ. ಬಿಸಿಲು ಚೆನ್ನಾಗಿ ಕಾಯಿಸಬೇಕು.

“ಈ ಬೇಸಿಗೆ ಪೂರ್ತಿ ಮುಚ್ಚಿಯೇ ಇರಲಿ. ಬಟ್ಟೆ ಎಳೆದು ಕೂರಲಿ,” ಎಂದರು ಭಾವ.

ಅಕ್ಕನಿಗೆ ಅದನ್ನು ಹೇಳಿಕೊಡಬೇಕೆ? ಗಿರಾಕಿಗಳಿಗೆ ಅವಳೇ ಹೇಳುತ್ತಿದ್ದ ಮಾತು. ಒಪ್ಪಿಕೊಂಡಳು. ಬೆಳಗ್ಗೆ ಶೆಡ್ಡಿಗೆ ಬಂದವಳು ಮೊದಲು ಹಿಂದಕ್ಕೆ ಹೋಗಿ, ಆ ಟಾಪಿನ ಮೇಲೆ ಬೆರಳಿಂದ ತಟ್ಟಿ ಸದ್ದು ಕೇಳಿ ಬರುತ್ತಿದ್ದಳು. ಅಂಚಿನಲ್ಲಿ ಒಂದಿಷ್ಟು ಸಂದು ಕಂಡರೂ, ಬಟ್ಟೆ ಎಳೆದು ಕೂತ ಮೇಲೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದಳು. ಸಂಜೆ ಬಿಸಿಲು ಇಳಿಯುವ ಮೊದಲೇ ಮನೆಗೆ ಓಡಬೇಕಿತ್ತು. ಹಾಸಿಗೆ ಹಿಡಿದಿದ್ದ ಅತ್ತೆಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸುವುದು ಅವಳ ಪಾಲಿನದು. ಶೆಡ್ಡಿಗೆ ಬೀಗ ಹಾಕುವುದು ಭಾವನ ಪಾಲಿನದು.

ಬೇಸಿಗೆ ಮುಗಿಯಿತು. ಧೂಳು ಏಳುವ ಮೊದಲೇ ಹೋಗಿ ಬರೋಣವೆಂದು ನಸುಕಿನಲ್ಲೇ ಹೊರಡುವ ಮಾತಾಗಿತ್ತು. ಅಕ್ಕ ತಲೆಗೆ ಕಟ್ಟಿಕೊಳ್ಳಲು ಹೊಸ ಸ್ಕಾರ್ಫ್ ತಂದಿದ್ದಳು. “ನೀನೂ ಬಾರೆ, ಮುಂದೆ ಕೂತ್ಕೋ, ನಾನು ಹಿಂದೆ ಮಲಗ್ತೀನಿ,” ಎಂದು ನನ್ನನ್ನೂ ಕರೆದಿದ್ದಳು. ಭಾವ ಸ್ಟೇರಿಂಗ್ ಮುಂದೆ ಕೂತರು. ಮುಂದಿನ ಕೊಂಡಿಗಳನ್ನು ಅಕ್ಕ ತಾನೇ ಬಿಚ್ಚಿದಳು. ಮೆಲ್ಲಗೆ ಎತ್ತಿ, ಹಿಂದಕ್ಕೆ ಅರ್ಧ ಮಡಚಿದವಳು ಹಾಗೇ ನಿಂತಳು.

ಮಡಿಕೆಯ ಸಂದಿನಲ್ಲಿ ಗಟ್ಟಿಯಾಗಿ ಒಣಗಿದ ಕೆಂಪು ಮಣ್ಣಿನ ಗೆರೆಯಿತ್ತು. ಅಲ್ಲಿ ಬಟ್ಟೆ ಸವೆದು ಎಳೆ ಕಾಣುತ್ತಿತ್ತು. ಧೂಳು ಕೂತ ಟಾಪನ್ನು ಒರೆಸದೆ ಮತ್ತೆ ಮತ್ತೆ ಮಡಚಿದರೆ ಹಾಗಾಗುತ್ತದೆ. ಆಮೇಲೆ ಮೇಲಿಂದ ನೀರು ಹೊಡೆದು ತೊಳೆದರೆ ಒಳಗಿನ ಧೂಳು ಕೆಸರಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹೊರಮೈ ಮಾತ್ರ ಫಳಫಳ. ನಮ್ಮ ಬೀದಿಯ ಮಣ್ಣು ಬೂದು ಬಣ್ಣದ್ದು. ಕೆಂಪು ಮಣ್ಣು ಇರುವುದು ಊರಾಚೆ, ಕೆರೆ ಏರಿಯ ದಾರಿಯಲ್ಲಿ.

ಅಕ್ಕ ಸಂದಿನಲ್ಲಿ ಬೆರಳಾಡಿಸಿದಳು. ಹಳದಿ ಬಣ್ಣದ ಕೂದಲ ಕ್ಲಿಪ್ಪೊಂದು ಸಿಕ್ಕಿತು. ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಅಕ್ಕನಿಗೆ ಅಂಥ ಅನುಮಾನವೇನೂ ಬರಲಿಲ್ಲ. ಕ್ಲಿಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಟೈರ್ ಅಂಗಡಿಯ ಮನೆಗೆ ಹೋಗಿ ಬಾಗಿಲು ತಟ್ಟಿದಳು.

“ಅಯ್ಯೋ, ನಮ್ಮ ಪುಟ್ಟಿದು! ಎಲ್ಲಿ ಸಿಕ್ತು?” ಎಂದರು ಟೈರಿನವರ ಹೆಂಡತಿ, ನಿದ್ದೆಗಣ್ಣಿನಲ್ಲೇ ನಗುತ್ತಾ. “ಏರಿ ಮೇಲೆ ಎಂಥಾ ಗಾಳಿ ಅಂತೀರಿ! ಬೀದಿಯವರನ್ನೆಲ್ಲ ಸರದಿ ಮೇಲೆ ಸುತ್ತಿಸಿದ್ರಲ್ಲ ನಿಮ್ಮನೆಯವರು. ಪ್ರೆಸ್ಸಿನವರು, ಮೆಡಿಕಲ್ಸಿನವರು, ಯಾರನ್ನೂ ಬಿಡಲಿಲ್ಲ. ನಾನು ಮೊದಲು ಬೇಡ ಅಂದೆ, ಮೊದಲು ನೀವು ಹೋಗಬೇಕಲ್ವಾ ಅಂತ. ಅದಕ್ಕವರು, ಮೊದಲನೇ ಸವಾರಿ ಅವಳದೇ, ಆಗಲೇ ಆಯ್ತು ಅಂದ್ರು.”

ಅಕ್ಕ ಕ್ಲಿಪ್ಪನ್ನು ಅವರ ಕೈಗಿಟ್ಟು, “ಹೌದು, ಆಯ್ತು,” ಎಂದು ವಾಪಸು ಬಂದಳು.

ಇಡೀ ಬೇಸಿಗೆ! ಅವಳು ಇವರ ತಾಯಿಯ ಹಾಸಿಗೆ ಬದಲಿಸುವ ಹೊತ್ತಿನಲ್ಲಿ ಇವರು ಊರಿಗೆಲ್ಲ ಗಾಳಿ ತಿನ್ನಿಸುತ್ತಿದ್ದರು. ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಭಾವ ನನ್ನ ಕಡೆ ನೋಡದೆ ಅಕ್ಕನಿಗೆ ಸಮಜಾಯಿಷಿ ಕೊಡಲು ಶುರುಮಾಡಿದರು.

“ಟೆಸ್ಟ್ ಮಾಡ್ಬೇಕಲ್ವಾ? ಮಧ್ಯದಲ್ಲಿ ಕೆಟ್ಟು ನಿಂತಿದ್ರೆ? ಅವರೆಲ್ಲ ಹೊರಗಿನವರು, ಕೇಳಿದಾಗ ಇಲ್ಲ ಅನ್ನೋಕಾಗತ್ತಾ? ನೀನು ಮನೆಯವಳು. ನಿನಗೇನು ಅವಸರ? ಯಾವತ್ತಾದ್ರೂ ಹೋಗಬಹುದು.”

ಅಕ್ಕ ಜಗಳ ಮಾಡಲಿಲ್ಲ. ಅತ್ತಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

“ನನ್ನನ್ನ ಬಿಟ್ಟು ಹೋದ್ರಲ್ಲ, ಅದನ್ನ ಹೇಗಾದ್ರೂ ನುಂಗ್ಕೋತಿದ್ದೆ,” ಎಂದಳು. “ನಾನು ಹೋಗಿ ಬಂದೆ ಅಂತ ಯಾಕೆ ಹೇಳಿದ್ರಿ?”

‘ಶೋರೂಮ್’ ಕಾರಿನಿಂದ ಇಳಿದು ಅಂಗಿಯ ತೋಳು ನೇವರಿಸಿಕೊಂಡರು. ಅಕ್ಕ ಬ್ರಶ್ ತಂದು, ಮಡಿಕೆಯ ಮಣ್ಣನ್ನೆಲ್ಲ ಕೆರೆದು ತೆಗೆದು, ಟಾಪನ್ನು ಮುಂದಕ್ಕೆಳೆದು ಕೊಂಡಿ ಹಾಕಿದಳು. ಬಟ್ಟೆ ಈಗಲೂ ಅಂಚಿಗೆ ಮುಟ್ಟಲಿಲ್ಲ, ಒಂದು ಬೆರಳಿನಷ್ಟು ಕಡಿಮೆ ಬಿತ್ತು. ಸ್ಕಾರ್ಫನ್ನು ನನಗೆ ಕೊಟ್ಟು, ಮಷೀನಿನ ಮುಂದೆ ಹೋಗಿ ಕೂತಳು.

ಅವಳೇನೂ ತವರಿಗೆ ಬಂದುಬಿಡಲಿಲ್ಲ. ಅತ್ತೆಯ ಆರೈಕೆ ನಿಲ್ಲಲಿಲ್ಲ, ಗಿರಾಕಿಗಳಿಗೆ ಬುದ್ಧಿ ಹೇಳುವುದೂ ನಿಲ್ಲಲಿಲ್ಲ. ಆ ನೀಲಿ ಟಾಪಿನ ಕಾರು ಶೆಡ್ಡಿನ ಹಿಂದೆ ಈಗಲೂ ಹಾಗೇ ನಿಂತಿದೆ. ಬೀದಿಯವರು ಆಮೇಲೆ ಯಾರೂ ಅದರಲ್ಲಿ ಹತ್ತಲಿಲ್ಲ. ‘ಬನ್ನಿ, ಹತ್ತಿ’ ಎಂದು ಕರೆಯುವ ಧೈರ್ಯ ಭಾವನಿಗೂ ಬರಲಿಲ್ಲ.

ಹೋದ ವಾರ ನಾನು ಹೋಗಿದ್ದಾಗ ಭಾವ ಕಾರಿನ ಕೀಲಿ ಹಿಡಿದು ಮಷೀನಿನ ಪಕ್ಕಕ್ಕೆ ಬಂದು ನಿಂತರು. ಅಂಗಿಯ ಇಸ್ತ್ರಿ ಕೆಟ್ಟಿತ್ತು.

“ಮೋಡ ಇದೆ ಇವತ್ತು, ಧೂಳೂ ಇಲ್ಲ. ಬಾರೆ, ಏರಿ ತನಕ ಹೋಗಿ ಬರೋಣ,” ಎಂದರು. ನಿಜಕ್ಕೂ ಬೇಡಿಕೊಳ್ಳುವ ದನಿ.

ಅಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ.

“ಅವಸರ ಏನಿದೆ?” ಎಂದಳು. “ಮುಚ್ಚಿಯೇ ಇರಲಿ ಬಿಡಿ. ಬಟ್ಟೆ ಇನ್ನೂ ಎಳೆದು ಕೂತಿಲ್ಲ.”