ವಿಜಯದಶಮಿಯ ದಿನ ಎದ್ದ ಕಂಪ್ಯೂಟರ್

ಡ್ರೈವ್ ಸತ್ತಿರಬಹುದು. ಕೇಬಲ್ ಒಳಗೇ ತುಂಡಾಗಿರಬಹುದು. ಸೆಟ್ಟಿಂಗ್ಸಿನಲ್ಲಿ ಒತ್ತಬಾರದ ಕಡೆ ನಾನೇ ಒತ್ತಿರಬಹುದು. ಕರೆಂಟು ಹೋಗಿ ಬಂದು ಮಾಡಿದಾಗ ಮದರ್‌ಬೋರ್ಡ್ ಸುಟ್ಟಿರಬಹುದು. ಪೆಟ್ಟಿಗೆಯೊಳಗೆ ಜಿರಲೆ ಸಂಸಾರ ಹೂಡಿರಬಹುದು. ವೈರಸ್ಸಂತೂ ಇದ್ದೇ ಇರಬೇಕು. ಕೊನೆಗೆ, ನನಗೇನಾದರೂ ಸಾಡೇಸಾತಿ ಶುರುವಾಯಿತೇ ಅಂತಲೂ ಅನ್ನಿಸಿ ನನಗೇ ನಾಚಿಕೆಯಾಯಿತು.

ಯಾಕೆಂದರೆ ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಯಾರಾದರೂ ಮನೆಯಲ್ಲಿ ದೀಪ ತಾನಾಗಿ ಹತ್ತಿಕೊಂಡಿತು ಅಂದರೆ, ‘ವೈರಿಂಗ್ ಒಂದ್ಸಲ ನೋಡಿಸಿ’ ಅನ್ನುತ್ತಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಪಳಗಿದವನು, ನಂಬುವುದರಲ್ಲಿ ಅಲ್ಲ. ಈಗ ಹೇಳುವುದನ್ನೂ ನಂಬಿ ಅಂತ ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಪೆನ್‌ಡ್ರೈವ್ ಇನ್ನೂ ದುಬಾರಿಯಾಗಿದ್ದ ಕಾಲ. ಪದ್ಮನಾಭನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದು ಯಾವತ್ತು ಕೈಕೊಡುತ್ತದೋ ಅನ್ನುವ ಭಯಕ್ಕೆ ನಾನು ಇಟ್ಟಿಗೆಯಷ್ಟು ದಪ್ಪದ ಒಂದು ಹೊರಗಿನ ಡ್ರೈವ್ ತಂದಿದ್ದೆ. ಒಳಗಿನ ವಿಂಡೋಸ್ ಕೆಟ್ಟರೆ ಇದನ್ನು ಸಿಕ್ಕಿಸಿ ಕಂಪ್ಯೂಟರನ್ನು ಹೊರಗಿನಿಂದಲೇ ಎಬ್ಬಿಸಬಹುದು, ಫೈಲುಗಳನ್ನು ಈಚೆಗೆ ತೆಗೆಯಬಹುದು ಅನ್ನುವ ಏರ್ಪಾಡು. ಸಿಕ್ಕಿಸಲು ಪೆಟ್ಟಿಗೆಯ ಮುಂಭಾಗದಲ್ಲಿ ಸರಿಯಿದ್ದದ್ದು ಒಂದೇ ಕಿಂಡಿ. ಡ್ರೈವಿಗೆ ಕರೆಂಟಿನ ವೈರು ಬೇರೆಯೇ ಇತ್ತು, ಹಾಗಾಗಿ ಅದರ ದೀಪ ಯಾವಾಗಲೂ ಉರಿಯುತ್ತಿತ್ತು.

ಆ ದಸರೆಗೆ ನನ್ನ ಹೆಂಡತಿ ಸುಮಾ ಒಂದು ನಾಟಕ ಬರೆದು ಮುಗಿಸಿದ್ದಳು. ಅತ್ತೆಯೊಬ್ಬಳ ಹಲ್ಲುಸೆಟ್ಟು ಕಳೆದುಹೋಗುವ ತಮಾಷೆ ನಾಟಕ. ಅವಳು ಜೀವಮಾನದಲ್ಲಿ ಬರೆದ ಮೊದಲನೆಯದು. ಬೀದಿಯ ಹೆಂಗಸರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಆಡುವುದು, ವಿಜಯದಶಮಿಯ ಸಂಜೆ ತಾಲೀಮು ಶುರು ಮಾಡುವುದು ಅಂತ ನಿಶ್ಚಯವಾಗಿತ್ತು. ಅದಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ‘ಮುಗಿಯೋವರೆಗೂ ನೀವು ಓದೋ ಹಾಗಿಲ್ಲ. ಓದಿದ್ರೆ ಅದರಲ್ಲೂ ಹತ್ತು ಚಿಂತೆ ಹುಡುಕ್ತೀರ’ ಅಂತ ನನ್ನನ್ನು ಹತ್ತಿರ ಸೇರಿಸಿರಲಿಲ್ಲ.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ನನ್ನ ಸ್ಕ್ರೂಡ್ರೈವರ್, ಕಂಪ್ಯೂಟರ್, ಎಲ್ಲಕ್ಕೂ ಪೂಜೆಯಾಯಿತು. ಪೂಜೆ ಮಾಡಿದ್ದನ್ನು ಅವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ಸುಮಾ ಸ್ನಾನ ಮಾಡಿ ಬಂದು ಸ್ವಿಚ್ ಒತ್ತಿದಳು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಸಿಸ್ಟಂ ಸಿಗುತ್ತಿಲ್ಲ.

‘ಹೆದರಬೇಡ, ಡ್ರೈವ್ ಇದೆ’ ಅಂದೆ. ಇಂಥ ಮಾತು ಹೇಳಬೇಕು ಅಂತ ವರ್ಷಗಟ್ಟಲೆ ಕಾದಿದ್ದೆ. ಕೇಬಲ್ ಒತ್ತಿ ಸಿಕ್ಕಿಸಿದೆ, ಡ್ರೈವಿನ ದೀಪವೂ ಉರಿಯುತ್ತಲೇ ಇತ್ತು. ಆದರೆ ಪರದೆಯ ಮೇಲೆ ಅದೇ ಸಾಲು. ಸೆಟ್ಟಿಂಗ್ಸ್ ಬದಲಾಯಿಸಿದೆ. ಮತ್ತೆ ಅದೇ ಸಾಲು.

‘ಏನ್ರೀ, ನಿಮ್ಮ ಇಟ್ಟಿಗೆ ಏನಂತೆ?’

‘ಸ್ವಲ್ಪ ಇರೇ, ನೋಡ್ತಿದೀನಲ್ಲ.’

‘ಮೂರು ವರ್ಷದಿಂದ ಅದರ ಧೂಳು ಒರೆಸ್ತಾ ಇದೀನಿ. ಒಂದಿನ ಕೆಲಸ ಮಾಡು ಅಂದ್ರೆ ಅದಕ್ಕೂ ದಸರಾ ರಜವೇ?’

ಊಟದ ಹೊತ್ತು ದಾಟಿದ ಮೇಲೆ ಅವಳು ಹಾಸ್ಯ ಮಾಡುವುದನ್ನು ಬಿಟ್ಟಳು. ನನಗೆ ಅದೇ ಜಾಸ್ತಿ ಹೆದರಿಕೆಯಾಯಿತು. ಹೊತ್ತಿಳಿಯುವಾಗ ನಾನೂ ಸೋತು, ಎಲ್ಲವನ್ನೂ ಹಾಗೇ ಬಿಟ್ಟು ಕಾಫಿ ಮಾಡಲು ಒಳಗೆ ಹೋದೆ. ಅವಳು ನಡುಮನೆಯ ಚಾಪೆಯ ಮೇಲೆ ಹಾಳೆ ಹರಡಿಕೊಂಡು, ನೆನಪಿದ್ದಷ್ಟನ್ನು ಬರೆಯಲು ಕೂತಳು. ಅತ್ತೆಯ ಪಾತ್ರದ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದದ್ದು ಅಡುಗೆಮನೆಗೂ ಕೇಳುತ್ತಿತ್ತು. ‘ಅಯ್ಯೋ, ನನ್ನ ಹಲ್ಲು ಯಾರು ತಗೊಂಡ್ರೇ? ತಗೊಂಡೋರು ನಗ್ರೇ, ನೋಡೋಣ!’

ಆಮೇಲೆ ಅವಳ ದನಿ ನಿಂತಿತು. ‘ರೀ, ಬನ್ನಿ ಇಲ್ಲಿ.’

ಹೋಗಿ ನೋಡಿದರೆ ಕಂಪ್ಯೂಟರ್ ಎದ್ದಿತ್ತು. ಅದೂ ನನ್ನ ಡ್ರೈವಿನಿಂದಲೇ, ನಾನೇ ಹಾಕಿಟ್ಟ ನೀಲಿ ಪರದೆಯೊಂದಿಗೆ. ‘ನಾನು ಮುಟ್ಟಿಲ್ಲ ರೀ, ದೇವರಾಣೆ’ ಅಂದಳು. ಹಾಳೆಗಳ ನಡುವೆ, ಮೇಜಿಗೆ ಬೆನ್ನು ಹಾಕಿಯೇ ಕೂತಿದ್ದಳು. ಕಾರಣ ಕೇಳುತ್ತ ಕೂರುವ ಹೊತ್ತಲ್ಲ. ನಾಟಕವನ್ನು ಡ್ರೈವಿಗೆ ಇಳಿಸಿಕೊಂಡೆವು. ಕೇಬಲ್ಲನ್ನು ಡ್ರೈವಿನ ಕಡೆಯಿಂದ ಮಾತ್ರ ಬಿಚ್ಚಿ, ಅವಳು ಡ್ರೈವನ್ನೂ ಅದರ ಕರೆಂಟಿನ ವೈರನ್ನೂ ಎತ್ತಿಕೊಂಡು ಎದುರುಮನೆಗೆ ಓಡಿ, ಅವರದೇ ಕೇಬಲ್ಲಿನಿಂದ ಅವರ ಕಂಪ್ಯೂಟರಿಗೆ ಸಿಕ್ಕಿಸಿ ಪ್ರಿಂಟ್ ತೆಗೆಸಿಕೊಂಡಳು. ಸಂಜೆಯ ತಾಲೀಮಿನಲ್ಲಿ ಹೆಂಗಸರು ನಕ್ಕದ್ದು ಬೀದಿಯ ತುದಿಗೂ ಕೇಳಿಸಿತಂತೆ. ರಾತ್ರಿ ಬಂದವಳೇ, ‘ಈಗ ಓದಬಹುದು ನೀವು’ ಅಂದಳು. ಓದಿದೆ. ಒಂದು ಚಿಂತೆಯೂ ಸಿಗಲಿಲ್ಲ.

ಮಾರನೆಯ ದಿನ ವಿಂಡೋಸ್ ಸರಿಮಾಡೋಣ ಅಂತ ಅದೇ ಡ್ರೈವನ್ನು ಅದೇ ಕೇಬಲ್ಲಿಗೆ ಸಿಕ್ಕಿಸಿದರೆ, ಮತ್ತೆ ಕಪ್ಪು ಪರದೆ, ಅದೇ ಸಾಲು. ಎಷ್ಟು ಸಲ ಆನ್ ಮಾಡಿದರೂ ಅಷ್ಟೆ. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನೋಡಿದೆ. ಪೆಟ್ಟಿಗೆಯ ಕಡೆ ಕೇಬಲ್ಲಿನ ತುದಿ ಕಿಂಡಿಯೊಳಗೆ ಹೋಗಿಯೇ ಇರಲಿಲ್ಲ, ಬಾಯಿಗೆ ಸುಮ್ಮನೆ ಒರಗಿ ನಿಂತಿತ್ತು. ಹಿಂದಿನ ದಿನದಿಂದ ಆ ತುದಿಯನ್ನು ನಾವಿಬ್ಬರೂ ಮುಟ್ಟಿರಲಿಲ್ಲ. ಒಳಗೇನೋ ಅಡ್ಡವಾಗಿತ್ತು. ಸುಮಾಳ ಪಿನ್ನಿನಿಂದ ಮೀಟಿ ತೆಗೆದೆ. ಕೇಬಲ್ ಸಲೀಸಾಗಿ ಒಳಗೆ ಕೂತಿತು, ಕಂಪ್ಯೂಟರ್ ಎದ್ದಿತು.

ಹಾಗಾದರೆ ವಿಜಯದಶಮಿಯ ದಿನ ಅದು ಎದ್ದದ್ದು ಯಾವ ದಾರಿಯಿಂದ? ಬಲ್ಲವರನ್ನೆಲ್ಲ ಕೇಳಿದ್ದೇನೆ. ಒಬ್ಬರೂ ನನಗೆ ಒಪ್ಪುವಂಥ ಉತ್ತರ ಕೊಟ್ಟಿಲ್ಲ, ನನಗೂ ಹೊಳೆದಿಲ್ಲ. ಇಡೀ ದಿನ ದಾರಿ ಕಟ್ಟಿದ್ದು ಏನು ಅನ್ನುವುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಪೂಜೆಯಲ್ಲಿ ಸುಮಾ ಕಂಪ್ಯೂಟರಿನ ಮೇಲೆ ಹಾಕಿದ್ದ ಅಕ್ಷತೆಯ ಒಂದು ಕಾಳು.