ವಾಸನೆಯಿಲ್ಲದ ಹೊಗೆಗೆ ದಾರಿ ತೋರಿದ ಕಾಲಕ್ಕ

ಒಬ್ಬ ಅಣ್ಣನಿದ್ದನಂತೆ, ಅವನಿಗೊಬ್ಬಳು ತಂಗಿಯಂತೆ. ಅಣ್ಣನಿಗೆ ಮೂಗಿನಲ್ಲಿ ವರ, ತಂಗಿಗೆ ಕೈಯಲ್ಲಿ ವರ. ಗಾಡಿಯ ಹೊಗೆಯನ್ನು ಒಮ್ಮೆ ಮೂಸಿದರೆ ಸಾಕು, ಎಂಜಿನ್ನಿನ ಹೊಟ್ಟೆಯೊಳಗಿನ ರೋಗವನ್ನು ಅಣ್ಣ ಹೇಳಿಬಿಡುತ್ತಿದ್ದನಂತೆ. ತಂಗಿ ಗಾಡಿಯಡಿ ತೂರಿ ವಾಸಿ ಮಾಡಿ ಬರುತ್ತಿದ್ದಳಂತೆ. ಹೀಗಿರುವಾಗ ಒಂದು ದಿನ, ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ ರಾಕ್ಷಸನೊಬ್ಬ ಅವರ ಬಾಗಿಲೊಳಗೆ ಕಾಲಿಟ್ಟನಂತೆ.

ಅಜ್ಜಿಯ ಬಾಯಲ್ಲಾದರೆ ಕತೆ ಹೀಗೆ ಹೊರಡುತ್ತಿತ್ತು. ಆದರೆ ಈ ಅಣ್ಣ ತಂಗಿ ನಿಜಕ್ಕೂ ಇದ್ದಾರೆ. ಬೆಳಗಿನ ಐದೂಮುಕ್ಕಾಲು, ಬೀದಿದೀಪ ಇನ್ನೂ ಆರಿಲ್ಲ. ಎರಡು ಗಾಡಿ ನಿಂತರೆ ಮೂರನೆಯದಕ್ಕೆ ಜಾಗವಿಲ್ಲದ ಗ್ಯಾರೇಜಿನಲ್ಲಿ ನಲವತ್ತಾರರ ತಂಗಿ ಮಂಡಿಯೂರಿ ಕೂತಿದ್ದಾಳೆ. ಮುಂದೆ ಬೇಕರಿಯ ಬ್ರೆಡ್ ವ್ಯಾನು, ಪಕ್ಕದಲ್ಲಿ ನಾಲ್ಕು ಗಾಲಿಯ ಮೇಲೆ ನಿಂತ ಫ್ಯಾನು, ಅದರಿಂದ ಹೊರಟ ತೊಡೆಗಾತ್ರದ ಕಪ್ಪು ಕೊಳವೆ. ಇವತ್ತು ಆ ಕೊಳವೆಯ ಪರೀಕ್ಷೆ. ಅದಕ್ಕಿಂತ ಹೆಚ್ಚಾಗಿ, ಗಾಡಿಯಡಿಯ ತನ್ನ ಜಾಗ ತನಗೆ ಮರಳಿ ಸಿಗುತ್ತದೋ ಇಲ್ಲವೋ ಎಂಬ ಪರೀಕ್ಷೆ.

ಬೀದಿಯವರು ಆಕೆಯನ್ನು ಕರೆಯುವುದು ಕಾಲಕ್ಕ ಎಂದು. ಇಪ್ಪತ್ತೆರಡು ವರ್ಷಗಳಿಂದ ಗಿರಾಕಿಗಳು ಕಂಡದ್ದು ಗಾಡಿಯಡಿಯಿಂದ ಹೊರಗೆ ಚಾಚಿದ ಎರಡು ಪಾದಗಳನ್ನಷ್ಟೇ. ದಿನಕ್ಕೆ ಆರೇಳು ಗಾಡಿ ಅಂದರೂ, ಎಷ್ಟು ಸಾವಿರ ಗಾಡಿಗಳ ಹೊಟ್ಟೆಯನ್ನು ಆಕೆ ನೋಡಿದ್ದಾಳೋ ಲೆಕ್ಕವಿಟ್ಟವರಿಲ್ಲ. ಹೆಸರು ಮಾತ್ರ ಅಣ್ಣನದು. "ಮೂಗಿನ ಡಾಕ್ಟ್ರು ಇದ್ದಾರಾ?" ಎಂದೇ ಎಲ್ಲರೂ ಕೇಳಿಕೊಂಡು ಬರುತ್ತಾರೆ. "ಕೇಳ್ಲಿ ಬಿಡಿ, ಮುಖ ನೋಡಿ ಯಾರ ಬ್ರೇಕು ಸರಿ ಹೋಗಿದೆ?" ಎಂದು ಕಾಲಕ್ಕ ನಗುತ್ತಾಳೆ.

ಆರು ವಾರಗಳ ಹಿಂದೆ, ಹಲ್ಲು ಕಟಕಟಿಸುವ ಚಳಿಯ ಬೆಳಗು. ಗಾಳಿಗೆ ಹೆದರಿ ಷಟರನ್ನು ಮೊಣಕಾಲೆತ್ತರಕ್ಕೆ ಇಳಿಸಿದ್ದರು. ಇದೇ ವ್ಯಾನಿನ ಅಡಿಯಲ್ಲಿ ಗಡಗಡ ಸದ್ದು. ಎಂಜಿನ್ ಓಡುವಾಗಷ್ಟೇ ಕೇಳುವ ಸದ್ದು, ಅದಕ್ಕೇ ಎಂಜಿನ್ ಹಚ್ಚಿಟ್ಟಿದ್ದರು. ಸೈಲೆನ್ಸರಿನ ಬಾಯಿಗೆ ಮೂಗು ಹಿಡಿದ ಅಣ್ಣ ಮೆಚ್ಚಿಕೊಂಡು ಹೇಳಿದ್ದ: "ಹೊಗೆ ಅಂದ್ರೆ ಹೀಗಿರ್ಬೇಕು ಕಣೇ, ವಾಸನೇನೇ ಇಲ್ಲ!" ಕೆಳಗಿದ್ದ ತಂಗಿಯ ಕೈಯಿಂದ ಸ್ಪ್ಯಾನರ್ ಜಾರಿತು. ಅಣ್ಣ ಕರೆದ. ಇನ್ನೊಮ್ಮೆ ಕರೆದ. ಆಮೇಲೆ ಎರಡು ಪಾದ ಹಿಡಿದು ಹೊರಗೆಳೆದು ಬೀದಿಗೆ ಹೊತ್ತೊಯ್ದ.

ಪ್ರಾಣ ಉಳಿಯಿತು. ಆಸ್ಪತ್ರೆಯ ಡಾಕ್ಟರಮ್ಮ ಒಂದೇ ಮಾತಿನಲ್ಲಿ ತಿಳಿಸಿದರು, ಕೊಲ್ಲುವ ಗಾಳಿಗೆ ವಾಸನೆಯಿಲ್ಲ ಎಂದು. ಅಣ್ಣ ತನ್ನ ಮೂಗನ್ನು ತಾನೇ ಹಿಂಡಿಕೊಂಡ. "ಮೂವತ್ತು ವರ್ಷ ನಂಬಿದ್ ಮೂಗು, ಮನೆಮುರುಕ ಕೆಲಸ ಮಾಡ್ತಲ್ಲ!" ಮನೆಗೆ ಬಂದವನೇ ಕಟ್ಟಪ್ಪಣೆ ಹೊರಡಿಸಿದ: ಹೊಗೆಗೊಂದು ದಾರಿ ಆಗುವ ತನಕ ಒಳಗೆ ಎಂಜಿನ್ ಓಡುವಂತಿಲ್ಲ, ತಂಗಿ ಗಾಡಿಯಡಿ ಹೋಗುವಂತಿಲ್ಲ.

"ಹಾಗಾದ್ರೆ ಮೇಲೆ ನಿಂತು ಏನ್ ಮಾಡ್ಲಿ? ಗಾಡಿಗೆ ತಲೆ ಬಾಚ್ಲಾ?"

"ಬಾಚು. ಜಡೇನೂ ಹಾಕು. ಕೆಳಗೆ ಮಾತ್ರ ಹೋಗ್ಬೇಡ."

ಅಂದಿನಿಂದ ಪ್ರತಿ ಗಾಡಿಯನ್ನೂ ತಳ್ಳಿಕೊಂಡು ಹೋಗಿ ಬೀದಿಯಲ್ಲಿ ಎಂಜಿನ್ ಹಚ್ಚುವುದಾಯಿತು. ಅಣ್ಣನ ಸೊಂಟ ಹಿಡಿಯಿತು. ಬೀದಿಯ ಇಳಿಜಾರಿನಲ್ಲಿ ಗಾಡಿಯನ್ನು ಎತ್ತಿ ನಿಲ್ಲಿಸಲಾಗದೆ ಬ್ರೆಡ್ ವ್ಯಾನಿನ ಕೆಲಸ ಹಾಗೇ ಉಳಿಯಿತು. ದಿನಾ ನಸುಕಿಗೆ ಅದು ಗಡಗಡಿಸುತ್ತ ಹೋಗುವಾಗ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ.

ಕಾಲಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ಒಂಬತ್ತು ದಿನ ಬಂದ ಗಾಡಿಗಳ ಹೊಗೆಬಾಯಿಯನ್ನೆಲ್ಲ ದಾರ ಹಿಡಿದು ಅಳೆದಳು. ಕೆಲವು ಗೇಣೆತ್ತರ, ಕೆಲವು ಮೊಳದೆತ್ತರ, ಒಂದು ಎಡಕ್ಕೆ, ಒಂದು ಬಲಕ್ಕೆ. ಹೊಗೆ ಎಳೆದು ಹೊರಹಾಕುವ ಯಂತ್ರವೇನೋ ಬೇಕು, ಆದರೆ ಗೋಡೆಗೆ ಬಿಗಿದದ್ದು ಈ ಗೂಡಿಗೆ ಆಗದು, ಗಾಡಿ ಇದ್ದಲ್ಲಿಗೆ ಉರುಳಿ ಬರುವಂಥದ್ದೇ ಬೇಕು ಎಂದು ಅಲ್ಲಿಗೆ ತೀರ್ಮಾನವಾಯಿತು.

ಮೊದಲ ಅಂಗಡಿಯವನು ಅಣ್ಣನ ಮುಖ ನೋಡಿಕೊಂಡೇ ಮಾತಾಡಿದ. "ಸಾರ್, ಇದ್ರಲ್ಲಿ ಫಿಲ್ಟರ್ ಇದೆ. ಹೊಗೆ ಹೊರಗೆ ಬಿಡೋದೇ ಬೇಡ. ಸೋಸಿ ಒಳಗೇ ಬಿಡುತ್ತೆ, ಮಸಿ ಇಲ್ಲ, ವಾಸನೆ ಇಲ್ಲ."

"ವಾಸನೆ ಇಲ್ದೇ ಇರೋದನ್ನೂ ಸೋಸುತ್ತಾ?" ಎಂದಳು ಕಾಲಕ್ಕ.

ಅವನು ಪುಸ್ತಕದ ಹಾಳೆ ಮಗುಚಿದ. ಇನ್ನೂ ಮಗುಚಿದ. ಅಣ್ಣ ತಂಗಿ ಎದ್ದು ಬಂದರು.

ಎರಡನೆಯ ಕಡೆ ಕೊಳವೆ ಹಗುರ, ನೋಡಲು ಚೆಂದ. ಅಂಗೈಯಗಲದ ತುಂಡು ಕೇಳಿ ತಂದು ಬಿಸಿ ಸೈಲೆನ್ಸರಿನ ಮೇಲಿಟ್ಟಳು. ತುಪ್ಪದ ಹಾಗೆ ಕರಗಿತು. ಮೂರನೆಯ ಕಡೆ ಸಿಕ್ಕಿತು, ಮುಚ್ಚಿಹೋದ ದೊಡ್ಡ ಗ್ಯಾರೇಜಿನ ಹಳೆಯ ಯಂತ್ರ. ಕಾವು ತಡೆಯುವ ದಪ್ಪ ರಬ್ಬರಿನ ಕೊಳವೆ, ತುದಿಗೆ ಆಲಿಕೆಯಂಥ ಬಾಯಿ, ದೊಡ್ಡ ಎಂಜಿನ್ನಿನ ಹೊಗೆಯನ್ನೂ ಎಳೆಯುವ ಫ್ಯಾನು. ಆದರೆ ಹೊಗೆ ಹೋಗಿ ಬೀಳುವುದೆಲ್ಲಿ? ಹಿಂಬದಿಯ ಮಹಡಿಯಲ್ಲಿ ಹೊಲಿಗೆಯವರ ಕಿಟಕಿ. ಕೋಲಿನ ತುದಿಗೆ ಬಟ್ಟೆಚೂರು ಕಟ್ಟಿ ನಾಲ್ಕು ದಿನ ಗಾಳಿಯ ದಿಕ್ಕು ನೋಡಿದಳು. "ನಮ್ಮನೆ ರಾಕ್ಷಸನ್ನ ಪಕ್ಕದ್ಮನೆಗೆ ಅಟ್ಟೋಕಾಗುತ್ತಾ?" ಕೊನೆಗೆ ಕೊಳವೆಗೆ ಇನ್ನೊಂದು ಉದ್ದನೆಯ ತುಂಡು ಜೋಡಿಸಿ, ಕಿಟಕಿಗಳೇ ಇಲ್ಲದ ಎಡಗೋಡೆಯಾಚೆಯ ಖಾಲಿ ಜಾಗಕ್ಕೆ ಬಿಟ್ಟಳು.

ಅಣ್ಣನೂ ಒಂದು ವಸ್ತು ತಂದ: ವಿಷಗಾಳಿ ಏರಿದರೆ ಕೂಗುವ ಅಂಗೈಯಷ್ಟಗಲದ ಡಬ್ಬಿ. ಅದನ್ನು ಕಂಬಕ್ಕೆ ತೂಗುಹಾಕಿ, "ನನ್ನ ಮೂಗಿಗೊಬ್ಬ ತಮ್ಮ" ಅಂದ.

ಈಗ ಷಟರ್ ಪೂರ್ತಿ ಮೇಲಿದೆ. ವ್ಯಾನನ್ನು ಎತ್ತಿ, ಅಡಿಗೆ ಆಸರೆ ಕೊಟ್ಟಾಗಿದೆ. ಆಲಿಕೆ ಸೈಲೆನ್ಸರಿನ ಬಾಯಿಗೆ ಕೂತಿದೆ. ಫ್ಯಾನು ತಿರುಗುತ್ತದೆ, ಎಂಜಿನ್ ಗುಡುಗುತ್ತದೆ, ಕೊಳವೆ ಹೆಬ್ಬಾವಿನಂತೆ ಮೈಮುರಿಯುತ್ತದೆ. ಕಾಲಕ್ಕ ಹಲಗೆಯ ಮೇಲೆ ಅಂಗಾತ ಮಲಗಿ ಒಳಗೆ ಜಾರುತ್ತಾಳೆ. ಹೊರಗೆ ಉಳಿಯುವುದು ಎರಡು ಪಾದ.

ಅಣ್ಣ ಅಭ್ಯಾಸಬಲದಿಂದ ಗಾಳಿ ಮೂಸುತ್ತಾನೆ.

"ಮೂಗು ಬಿಡೋ, ಡಬ್ಬಿ ನೋಡು!" ಕೆಳಗಿನಿಂದ ಗದರಿಕೆ.

"ಸೊನ್ನೆ ತೋರಿಸ್ತಿದೆ." ಅರ್ಧ ನಿಮಿಷವಾಗಿಲ್ಲ. "ಲೇ, ಇದ್ದೀಯಾ?"

ಸ್ಪ್ಯಾನರಿನಿಂದ ಟಣ್ ಟಣ್ ಎಂದು ಎರಡು ಏಟು.

"ಇದ್ದೀಯಾ?"

ಟಣ್ ಟಣ್.

ವ್ಯಾನಿನ ಡ್ರೈವರ್ ಬಾಗಿಲಲ್ಲಿ ನಿಂತು ನಗುತ್ತಾನೆ. "ಏನಣ್ಣ, ಬಾವಿಗೆ ಇಳಿಸಿದ್ದೀರಾ ಅಕ್ಕನ್ನ?" ಅಣ್ಣ ನಗುವುದಿಲ್ಲ. ಅವನ ಒಂದು ಕಣ್ಣು ಡಬ್ಬಿಯ ಮೇಲೆ, ಇನ್ನೊಂದು ಆ ಪಾದಗಳ ಮೇಲೆ.

ಗಡಗಡ ಸದ್ದು ತಗ್ಗುತ್ತದೆ. ಒಮ್ಮೆ ಕೆಮ್ಮಿ ನಿಂತೇಹೋಗುತ್ತದೆ. ಎಂಜಿನ್ನಿನ ಮೆಲು ಗುನುಗಷ್ಟೇ ಉಳಿಯುತ್ತದೆ. ಅಣ್ಣ ಪಾದಗಳ ಬಳಿ ಬಗ್ಗುತ್ತಾನೆ.

"ಇದ್ದೀಯೇನೇ?"

"ಇದ್ದೀನಿ ಕಣೋ ಅಣ್ಣ. ಕೆಲಸ ಮುಗೀತು. ಬ್ರೆಡ್ ಆರೋಕೆ ಮುಂಚೆ ಅವನನ್ನ ಕಳಿಸು."